ದನ ಕಾದವರ ಕಥೆ

ನಮ್ಮ ಕೂಟದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ "ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ, ಡಾಕ್ಟರೇ" ಎಂದು ಸಂಪಾದಕರು ಕೇಳಿದಾಗ, ಸಕ್ಕರೆ ಕಾಯಿಲೆಯ ಬಗ್ಗೆಯೋ ರಕ್ತದೊತ್ತಡದ ಬಗ್ಗೆಯೋ ಬರೆದು ಸಮಾರಂಭದ ಹೋಳಿಗೆಯ ರುಚಿ ಕೆಡಿಸಬಾರದು ಎಂದು ಮೊದಲೇ ನಿಶ್ಚಯಿಸಿಕೊಂಡೆವು. ಹಾಗಾದರೆ ಮತ್ತೇನು ಬರೆಯುವುದು? ಯೋಚಿಸುತ್ತಿದ್ದಾಗ ನೆನಪಿಗೆ ಬಂದದ್ದು ಪ್ರೈಮರಿ ಶಾಲೆಯ ಮೇಷ್ಟ್ರು. ಮಗ್ಗಿ ತಪ್ಪಿದಾಗಲೆಲ್ಲ ಅವರ ಬಾಯಿಂದ ಬರುತ್ತಿದ್ದ ಮಾತು ಒಂದೇ: "ನೀನು ಓದೋಕೆ ಲಾಯಕ್ಕಿಲ್ಲ, ದನ ಕಾಯೋಕೆ ಹೋಗು!" ಈ ಆಶೀರ್ವಾದ ಕೇಳದೆ ಬೆಳೆದ ಕನ್ನಡಿಗರು ನಮ್ಮ ಕೂಟದಲ್ಲಿ ಹೆಚ್ಚು ಮಂದಿ ಇರಲಾರರು. ದನ ಕಾಯಬೇಕಾದೀತೆಂಬ ಹೆದರಿಕೆಯಿಂದಲೇ ಓದಿ, ಸಮುದ್ರ ದಾಟಿ ಇಲ್ಲಿಗೆ ಬಂದವರು ನಾವು.

ಆದರೆ ಮನುಷ್ಯನ ಇತಿಹಾಸದಲ್ಲಿ ದನ ಕಾಯುವುದು ಅಷ್ಟು ಹಗುರವಾದ ಕೆಲಸವೇ? ಮನುಕುಲ ಭೂಮಿಯ ಮೇಲಿಂದ ಸಂಪೂರ್ಣವಾಗಿ ಅಳಿಸಿ ಹಾಕಿರುವ ರೋಗಗಳು ಇಲ್ಲಿಯವರೆಗೆ ಎರಡೇ ಎರಡು. ಮೊದಲನೆಯದು ಸಿಡುಬು, ಅದು ಎಲ್ಲರಿಗೂ ಗೊತ್ತು. ಎರಡನೆಯದು ಯಾವುದು ಎಂದು ನಮ್ಮ ಕೂಟದ ವೈದ್ಯ ಮಿತ್ರರನ್ನು ಊಟದ ಮೇಜಿನ ಮುಂದೆ ಒಮ್ಮೆ ಕೇಳಿದೆವು. ಪೋಲಿಯೋ ಎಂದವರು ಕೆಲವರು, ಪ್ಲೇಗ್ ಎಂದವರು ಕೆಲವರು. ಎರಡೂ ತಪ್ಪು. ಅದು ದನಗಳ ರೋಗ. ಇಂಗ್ಲಿಷಿನ ಪುಸ್ತಕಗಳಲ್ಲಿ ರಿಂಡರ್‌ಪೆಸ್ಟ್ ಎಂದು ಕರೆಸಿಕೊಳ್ಳುವ, ನಮ್ಮ ಹಳ್ಳಿಗಳಲ್ಲಿ ಹೆಸರು ಹೇಳಲೂ ಹೆದರುತ್ತಿದ್ದ 'ದೊಡ್ಡರೋಗ'. ಅದನ್ನು ಗೆದ್ದವರು ನಾವು 'ದನದ ಡಾಕ್ಟರು' ಎಂದು ಹಾಸ್ಯ ಮಾಡುತ್ತಿದ್ದ ಪಶುವೈದ್ಯರು. ಆ ಕಥೆಯನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇವೆ.

ರಾಮ-ಲಕ್ಷ್ಮಣರ ಜೋಡಿ

ಮೊದಲು ನಮ್ಮ ಮನೆಯದೇ ಒಂದು ನೆನಪು. 1980ರ ದಶಕದ ಕೊನೆ. ತುಮಕೂರು ಜಿಲ್ಲೆಯ ನಮ್ಮ ಅಜ್ಜನ ಊರು. ಅಜ್ಜನ ಬಳಿ ರಾಮ, ಲಕ್ಷ್ಮಣ ಎಂಬ ಹಳ್ಳಿಕಾರ್ ಎತ್ತುಗಳ ಜೋಡಿ ಇತ್ತು. ಮನೆಯ ಮಕ್ಕಳು ಉಣ್ಣುವ ಮೊದಲು ಅವಕ್ಕೆ ಹುಲ್ಲು ಬೀಳಬೇಕು. ಅದು ಅಜ್ಜನ ನಿಯಮ. ಒಂದು ಮುಂಗಾರಿನ ಮೊದಲು ಪಶುವೈದ್ಯರ ತಂಡ ಊರಿಗೆ ಬಂದು ದನಗಳಿಗೆಲ್ಲ ದೊಡ್ಡರೋಗದ ಚುಚ್ಚುಮದ್ದು ಹಾಕಿತು. ಚುಚ್ಚಿಸಿದರೆ ಎತ್ತುಗಳಿಗೆ ಜ್ವರ ಬರುತ್ತದೆ, ಹದಕ್ಕೆ ಸರಿಯಾಗಿ ಉಳುಮೆ ತಪ್ಪುತ್ತದೆ ಎಂದು ಯಾರೋ ಹೇಳಿದ್ದರು. ಅಜ್ಜ ಹಸುಗಳನ್ನು ಮಾತ್ರ ತಂಡದ ಮುಂದೆ ನಿಲ್ಲಿಸಿ, ಎತ್ತಿನ ಜೋಡಿಯನ್ನು ಬೆಳಗಿನ ಜಾವವೇ ಕೆರೆಯ ಹಿಂದಿನ ತೋಪಿಗೆ ಹೊಡೆಸಿಬಿಟ್ಟರು. ಹೊಡೆದುಕೊಂಡು ಹೋಗಿ ಸಂಜೆಯವರೆಗೆ ಕಾದವರು ಮಕ್ಕಳಾದ ನಾವೇ. ಅಂದು ಅದು ನಮಗೆ ಆಟ.

ಕೆಲವು ತಿಂಗಳ ಮೇಲೆ ಸಂತೆಯಿಂದ ರೋಗ ಊರಿಗೆ ಬಂತು. ರಾಮ ಮೇವು ಬಿಟ್ಟಿತು. ಕಣ್ಣು ಮೂಗುಗಳಿಂದ ನೀರು, ಬಾಯೊಳಗೆ ಹುಣ್ಣು, ಆಮೇಲೆ ನಿಲ್ಲದ ಭೇದಿ. ಅದೇ ಪಶುವೈದ್ಯರು ಸೈಕಲ್ಲಿನಲ್ಲಿ ಬಂದರು. ಅಜ್ಜ ತಪ್ಪೊಪ್ಪಿಕೊಂಡಾಗ ಅವರು ಬಯ್ಯಲಿಲ್ಲ. ಎರಡು ರಾತ್ರಿ ಕೊಟ್ಟಿಗೆಯಲ್ಲೇ ಲಾಟೀನು ಹಚ್ಚಿಕೊಂಡು ಕುಳಿತರು. ಮೂರನೆಯ ಬೆಳಿಗ್ಗೆ ರಾಮ ಹೋಯಿತು. ಹಳ್ಳ ತೋಡಿ, ಸುಣ್ಣ ಹಾಕಿ, ಹೂತರು. ಲಕ್ಷ್ಮಣ ಉಳಿಯಿತು, ಆದರೆ ಒಂಟಿ ಎತ್ತಿನಿಂದ ನೇಗಿಲು ನಡೆಯುವುದಿಲ್ಲ. ಆ ವರ್ಷ ನಮ್ಮ ಹೊಲ ಬಾಡಿಗೆ ಎತ್ತಿನಲ್ಲಿ ತಡವಾಗಿ ಬಿತ್ತನೆಯಾಯಿತು. ಅಜ್ಜ ಮತ್ತೆ ಜೋಡಿ ಕಟ್ಟಲಿಲ್ಲ. ತೋಪಿಗೆ ಎತ್ತು ಹೊಡೆದ ಆ ದಿನದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತೆತ್ತುತ್ತಿರಲಿಲ್ಲ.

ಹಳೆಯ ವಿದ್ಯೆ, ಹಳೆಯ ಭಯ

ಪ್ರಾಣಿಗಳಿಗೆ ವೈದ್ಯ ಬೇಕೆಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಗಿರ್ನಾರ್ ಶಾಸನಗಳಲ್ಲಿ ಎರಡನೆಯದು ಮನುಷ್ಯರ ಚಿಕಿತ್ಸೆ ಮತ್ತು ಪಶುಗಳ ಚಿಕಿತ್ಸೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಕುದುರೆಗೆ ಶಾಲಿಹೋತ್ರ, ಆನೆಗೆ ಪಾಲಕಾಪ್ಯ ಎಂಬ ಸಂಸ್ಕೃತ ಪರಂಪರೆಗಳಿದ್ದವು. ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿಯೆಂದರೆ, ಸುಮಾರು 1125ರ ಹೊತ್ತಿಗೆ ಚಾಲುಕ್ಯ ವಂಶದ ರಾಜಕುಮಾರ ಕೀರ್ತಿವರ್ಮ 'ಗೋವೈದ್ಯ' ಎಂಬ ಗ್ರಂಥವನ್ನು ಕನ್ನಡದಲ್ಲೇ ರಚಿಸಿದ. ಅದರಲ್ಲಿ ಔಷಧವೂ ಇದೆ, ಮಂತ್ರವೂ ಇದೆ. ಆ ಕಾಲದ ಮನುಷ್ಯ ವೈದ್ಯವೂ ಹಾಗೆಯೇ ಇತ್ತೆಂಬುದನ್ನು ಮರೆಯಬಾರದು.

ದನ ಎಂದರೆ ಕೇವಲ ಹಾಲಲ್ಲ, ರಾಜ್ಯದ ಬಲವೂ ಹೌದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಟಿಪ್ಪು ಸುಲ್ತಾನನ ಕಾಲದಲ್ಲಿ 'ಅಮೃತ ಮಹಲ್' ಆಯಿತು. ಫಿರಂಗಿ ಎಳೆಯುವುದರಲ್ಲಿ, ದೂರದ ದಂಡಯಾತ್ರೆಗೆ ಸಾಮಾನು ಹೊರುವುದರಲ್ಲಿ ಆ ಎತ್ತುಗಳಿಗೆ ಸಮವಿರಲಿಲ್ಲ. 1799ರ ನಂತರ ಅವು ಬ್ರಿಟಿಷರ ಕೈಸೇರಿದವು. 1860ರಲ್ಲಿ ಖರ್ಚು ಉಳಿಸಲೆಂದು ಹಿಂಡನ್ನು ಮಾರಿದ ಸರ್ಕಾರ, ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಲು ಹೊರಟಿತು.

ಆದರೆ ದೊಡ್ಡರೋಗದ ಮುಂದೆ ರಾಜನ ಹಿಂಡೂ ಒಂದೇ, ಬಡವನ ಹಸುವೂ ಒಂದೇ. ಔಷಧವಿಲ್ಲದ ರೋಗಕ್ಕೆ ಹಳ್ಳಿಗರು ಮಾರಿಯನ್ನು ಪೂಜಿಸಿ, ಊರ ಗಡಿ ದಾಟಿಸಿ ಬರುತ್ತಿದ್ದರು. ಪಕ್ಕದ ಊರಿನವರು ಅದನ್ನು ತಮ್ಮ ಗಡಿಯಿಂದ ಮುಂದಿನ ಊರಿಗೆ ಸಾಗಿಸುತ್ತಿದ್ದರು. ನಗುವ ಮಾತಲ್ಲ. ರೋಗ ಊರಿಂದೂರಿಗೆ ನಡೆದು ಹೋಗುತ್ತದೆ, ಗಡಿಯಲ್ಲಿ ಅದನ್ನು ತಡೆಯಬೇಕು ಎಂಬ ಗ್ರಹಿಕೆ ಅದರಲ್ಲಿತ್ತು.

ಯುರೋಪಿನ ಪಾಠ

ಯುರೋಪಿನಲ್ಲಿ ಈ ರೋಗ ಹದಿನೆಂಟನೆಯ ಶತಮಾನದಲ್ಲಿ ಅಲೆಅಲೆಯಾಗಿ ಬಂತು. ಅಲ್ಲಿ ಆಗ ಪಶುವೈದ್ಯರೇ ಇರಲಿಲ್ಲ. ಕುದುರೆಗೆ ಲಾಳ ಹೊಡೆಯುವವನೇ ವೈದ್ಯ. ಹೀಗಾಗಿ ಮೊದಲು ಕಣಕ್ಕಿಳಿದವರು ನಮ್ಮಂಥ ಮನುಷ್ಯರ ವೈದ್ಯರು. ರೋಮಿನಲ್ಲಿ ಪೋಪ್ ಅವರ ಖಾಸಗಿ ವೈದ್ಯ ಲಾನ್ಸಿಸಿ, ರೋಗ ತಗುಲಿದ ದನಗಳನ್ನು ಕೊಂದು ಸುಣ್ಣದೊಡನೆ ಹೂಳಬೇಕು, ದನಗಳ ಓಡಾಟ ನಿಲ್ಲಿಸಬೇಕು ಎಂದ. 1714ರಲ್ಲಿ ರೋಗ ಲಂಡನ್ನಿಗೆ ಬಂದಾಗ ಥಾಮಸ್ ಬೇಟ್ಸ್ ಎಂಬ ಶಸ್ತ್ರವೈದ್ಯ ಅದೇ ದಾರಿ ಹಿಡಿದು, ದನ ಕಳೆದುಕೊಂಡವರಿಗೆ ಪರಿಹಾರವನ್ನೂ ಕೊಡಿಸಿದ. ಪರಿಹಾರ ಸಿಗದಿದ್ದರೆ ರೈತ ರೋಗವನ್ನು ಬಚ್ಚಿಡುತ್ತಾನೆ ಎಂಬ ಸತ್ಯ ಅವನಿಗೆ ತಿಳಿದಿತ್ತು. ನಮ್ಮ ಅಜ್ಜನ ತೋಪು ನೆನೆದರೆ ನಮಗೂ ಅದು ಅರ್ಥವಾಗುತ್ತದೆ.

1761ರಲ್ಲಿ ಫ್ರಾನ್ಸಿನ ರಾಜನ ಅನುಮತಿ ಪಡೆದು, ಕ್ಲೋದ್ ಬೂರ್ಜೆಲಾ ಎಂಬ ಅಶ್ವಶಿಕ್ಷಕ ಲಿಯೋನ್ ನಗರದಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆಯನ್ನು ಸ್ಥಾಪಿಸಿದ. ಮರುವರ್ಷ ಪಾಠಗಳು ಶುರುವಾದವು. ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಈ ದೊಡ್ಡರೋಗವೇ. 1791ರಲ್ಲಿ ಲಂಡನ್ನಿನಲ್ಲಿಯೂ ಒಂದು ಕಾಲೇಜು ತೆರೆಯಿತು.

ಅತ್ಯಂತ ದಾರುಣವಾದ ಅಧ್ಯಾಯ ಆಫ್ರಿಕಾದ್ದು. 1887ರ ಸುಮಾರಿಗೆ ಇಟಲಿಯ ಸೈನ್ಯಕ್ಕೆಂದು ತಂದ ದನಗಳೊಡನೆ ರೋಗ ಕೆಂಪು ಸಮುದ್ರದ ದಡದಲ್ಲಿ ಇಳಿಯಿತು. ಹತ್ತು ವರ್ಷಗಳಲ್ಲಿ ಖಂಡದ ದಕ್ಷಿಣ ತುದಿ ಮುಟ್ಟಿತು. ಆ ರೋಗವನ್ನು ಎಂದೂ ಕಂಡಿರದ ಹಿಂಡುಗಳಲ್ಲಿ ನೂರಕ್ಕೆ 80-90 ದನಗಳು ಸತ್ತವು. ಉಳುವ ಎತ್ತಿಲ್ಲ, ಹಾಲಿಲ್ಲ. ಇಥಿಯೋಪಿಯಾದಲ್ಲಿ 1888ರಿಂದ 1892ರವರೆಗೆ ನಡೆದ ಕ್ಷಾಮದಲ್ಲಿ ಜನಸಂಖ್ಯೆಯ ಮೂರನೆಯ ಒಂದು ಭಾಗ ಅಳಿಯಿತೆಂದು ಅಂದಾಜು. ಮನುಷ್ಯರಿಗೆ ತಗುಲದ ಒಂದು ವೈರಸ್ ಲಕ್ಷಾಂತರ ಮನುಷ್ಯರನ್ನು ಕೊಂದದ್ದು ಹೀಗೆ.

ಅಮೆರಿಕಾ ದೇಶಕ್ಕೆ ದೊಡ್ಡರೋಗ ಕಾಲಿಡಲಿಲ್ಲ. ಆದರೆ ಪ್ರಾಣಿಗಳ ಮೇಲಿನ ಅವಲಂಬನೆಯ ಪಾಠ ಇಲ್ಲಿಗೂ ತಪ್ಪಲಿಲ್ಲ. 1872ರಲ್ಲಿ ಟೊರಾಂಟೊ ಕಡೆಯಿಂದ ಹಬ್ಬಿದ ಕುದುರೆಗಳ ಫ್ಲೂ ಜ್ವರದಿಂದ ಇಲ್ಲಿನ ನಗರಗಳೇ ಸ್ತಬ್ಧವಾದವು. ಆ ನವೆಂಬರಿನಲ್ಲಿ ಬಾಸ್ಟನ್ನಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ಯಂತ್ರಗಳನ್ನು ಮನುಷ್ಯರೇ ಎಳೆಯಬೇಕಾಯಿತು. 1893ರಲ್ಲಿ ವೈದ್ಯ ಥಿಯೋಬಾಲ್ಡ್ ಸ್ಮಿತ್ ಮತ್ತು ಪಶುವೈದ್ಯ ಕಿಲ್ಬೋರ್ನ್ ಸೇರಿ, ದನಗಳ ಟೆಕ್ಸಾಸ್ ಜ್ವರ ಉಣ್ಣೆಯಿಂದ ಹರಡುತ್ತದೆಂದು ತೋರಿಸಿದರು. ಕೀಟವೊಂದು ರೋಗ ಹರಡಬಲ್ಲದು ಎಂಬ ಈ ತಿಳಿವಳಿಕೆಗೆ ನಾಲ್ಕು ವರ್ಷವಾದ ಮೇಲೆ, 1897ರಲ್ಲಿ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡ. ದನದ ಕೊಟ್ಟಿಗೆಯಲ್ಲಿ ಕಲಿತದ್ದು ಮನುಷ್ಯರ ಆಸ್ಪತ್ರೆಗೂ ದಾರಿ ತೋರಿಸಿತು.

ಮುಕ್ತೇಶ್ವರದಿಂದ ಹೆಬ್ಬಾಳಕ್ಕೆ

ಭಾರತದಲ್ಲಿ ಬ್ರಿಟಿಷ್ ಸರ್ಕಾರ ದನಗಳ ಪಿಡುಗಿನ ವಿಚಾರಣೆಗೆ ನೇಮಿಸಿದ್ದ ಆಯೋಗ 1871ರಲ್ಲಿ ವರದಿ ಕೊಟ್ಟಿತು. 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಾಲಯ ಆರಂಭವಾಗಿ, 1893ರಲ್ಲಿ ಜನವಸತಿಯಿಂದ ದೂರದ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರವಾಯಿತು. ಕ್ಷಯದ ಕ್ರಿಮಿ ಕಂಡುಹಿಡಿದ ರಾಬರ್ಟ್ ಕೋಖ್, ದಕ್ಷಿಣ ಆಫ್ರಿಕಾದಲ್ಲಿ ಈ ರೋಗದ ಮೇಲೆ ಕೆಲಸ ಮಾಡಿ, 1897ರಲ್ಲಿ ಮುಕ್ತೇಶ್ವರಕ್ಕೂ ಬಂದಿದ್ದ. ಅಲ್ಲಿಯೇ 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ವೈರಸ್ಸನ್ನು ಮೇಕೆಯಿಂದ ಮೇಕೆಗೆ ಮತ್ತೆ ಮತ್ತೆ ದಾಟಿಸಿ, ದನಕ್ಕೆ ರೋಗ ತಾರದೆ ರಕ್ಷಣೆ ಮಾತ್ರ ಕೊಡುವಷ್ಟು ಅದನ್ನು ಪಳಗಿಸಿದ. ಮುಂದೆ ದಶಕಗಳ ಕಾಲ ಭಾರತದ ದನಗಳನ್ನು ಕಾದದ್ದು ಈ ಮೇಕೆಯ ಲಸಿಕೆ.

ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಇನ್ಸ್ಟಿಟ್ಯೂಟ್ ಸ್ಥಾಪನೆಯಾಗಿ, ದೊಡ್ಡರೋಗದ ವಿರುದ್ಧ ಸೀರಂ ತಯಾರಾಗತೊಡಗಿತು. 1939ರಲ್ಲಿ ಮೈಸೂರಿನ ಅರಮನೆಯ ಡೇರಿಯಲ್ಲಿ ಸಂಪತ್ ಕುಮಾರನ್ ಅವರು ಭಾರತದಲ್ಲೇ ಮೊದಲ ಬಾರಿಗೆ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿದರು. 1958ರಲ್ಲಿ ಹೆಬ್ಬಾಳದಲ್ಲಿಯೇ ಪಶುವೈದ್ಯ ಕಾಲೇಜು ತೆರೆಯಿತು.

ಒಂದು ದೇಶದ ದನ ಮತ್ತೊಂದು ದೇಶದ ರೋಗವಾಗಬಹುದೆಂಬುದು 1920ರಲ್ಲಿ ಸಾಬೀತಾಯಿತು. ದಕ್ಷಿಣ ಏಷ್ಯಾದಿಂದ ಬ್ರೆಜಿಲ್ ದೇಶಕ್ಕೆ ಹೊರಟ ಡುಬ್ಬದ ದನಗಳು ಬೆಲ್ಜಿಯಮ್ಮಿನ ಆಂಟ್ವರ್ಪ್ ಬಂದರಿನಲ್ಲಿ ತಂಗಿದ್ದರಿಂದ ರೋಗ ಯುರೋಪಿಗೆ ಮರಳಿತು. ಪರಿಣಾಮವಾಗಿ 1924ರಲ್ಲಿ 28 ದೇಶಗಳು ಕೂಡಿ ಪ್ಯಾರಿಸ್ಸಿನಲ್ಲಿ ಪ್ರಾಣಿರೋಗಗಳ ಅಂತರರಾಷ್ಟ್ರೀಯ ಸಂಸ್ಥೆಯನ್ನು ಕಟ್ಟಿದವು. ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ್ದು 1948ರಲ್ಲಿ. ದನಗಳಿಗಾಗಿ ಜಗತ್ತು ಒಂದಾದದ್ದು ಅದಕ್ಕಿಂತ 24 ವರ್ಷ ಮೊದಲು.

ಕೊನೆಯ ಗಡಿ

ಸ್ವತಂತ್ರ ಭಾರತ 1954ರಲ್ಲಿ ದೊಡ್ಡರೋಗ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಇದರ ಕಷ್ಟ ಯೋಚಿಸಿ ನೋಡಿ. ಸಿಡುಬಿನ ಲಸಿಕೆಗೆ ತಾಯಿ ಮಗುವನ್ನು ಎತ್ತಿಕೊಂಡು ಬರುತ್ತಾಳೆ. ಎಮ್ಮೆಯನ್ನು ಎತ್ತಿಕೊಂಡು ಬರುವವರು ಯಾರು? ಬಿಸಿಲಿನಲ್ಲಿ ಲಸಿಕೆ ಕೆಡದಂತೆ ಐಸು ತುಂಬಿದ ಡಬ್ಬ ಹೊತ್ತು, ದನ ಮೇಯಲು ಹೊರಡುವ ಮೊದಲೇ ಹಳ್ಳಿ ಸೇರಿ, ಒದೆ ತಿಂದು, ಹಾಯಿಸಿಕೊಂಡು ಕೆಲಸ ಮಾಡಬೇಕು. ರೋಗ ಬಹಳಷ್ಟು ಇಳಿಯಿತು, ಆದರೆ ಆರಲಿಲ್ಲ. ದಕ್ಷಿಣ ಭಾರತದ ಸಂತೆ ಜಾತ್ರೆಗಳಲ್ಲಿ, ವಲಸೆ ಹಿಂಡುಗಳಲ್ಲಿ ಕೆಂಡದಂತೆ ಉಳಿಯಿತು. ನಮ್ಮ ಅಜ್ಜನ ಕೊಟ್ಟಿಗೆಗೆ ಹಾರಿದ್ದು ಆ ಕೆಂಡ.

ಈ ನಡುವೆ 1960ರ ಸುಮಾರಿಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ಪಶುವೈದ್ಯ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆಯನ್ನು ಕಂಡುಹಿಡಿದಿದ್ದರು. ಎಲ್ಲ ತಳಿಗಳಿಗೂ ಸುರಕ್ಷಿತ, ಒಂದೇ ಚುಚ್ಚಿಗೆ ದೀರ್ಘ ರಕ್ಷಣೆ. ಈ ಕೆಲಸಕ್ಕೆ ಅವರಿಗೆ 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಭಾರತದಲ್ಲಿ 1992ರಲ್ಲಿ ಯುರೋಪಿನ ನೆರವಿನೊಡನೆ ಹೊಸ ಹುರುಪಿನ ಕಾರ್ಯಕ್ರಮ ಶುರುವಾಯಿತು. 1995ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿದ್ದೇ ನಮ್ಮ ದೇಶದ ಕೊನೆಯ ದೊಡ್ಡರೋಗ. ಜಗತ್ತಿನ ಕೊನೆಯ ಪ್ರಕರಣ 2001ರಲ್ಲಿ ಕೀನ್ಯಾದ ಕಾಡೆಮ್ಮೆಗಳಲ್ಲಿ ಕಂಡಿತು. 2006ರಲ್ಲಿ ಭಾರತ ರೋಗಮುಕ್ತವೆಂದು ಅಂತಿಮ ಮನ್ನಣೆ ಪಡೆಯಿತು. 2011ರ ಮೇ 25ರಂದು ಪ್ಯಾರಿಸ್ಸಿನಲ್ಲಿ, ಜೂನ್ 28ರಂದು ರೋಮಿನಲ್ಲಿ, ದೊಡ್ಡರೋಗ ಭೂಮಿಯ ಮೇಲಿಲ್ಲ ಎಂಬ ಘೋಷಣೆಯಾಯಿತು.

ಆ ಜೂನ್ ತಿಂಗಳಲ್ಲಿ ನಾವು ರೆಸಿಡೆನ್ಸಿಯ ಕೊನೆಯ ದಿನಗಳಲ್ಲಿದ್ದೆವು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಯಾರೊಬ್ಬರೂ ಆ ಸುದ್ದಿ ಎತ್ತಲಿಲ್ಲ. ನಾವೂ ಓದಿದ್ದು ಕೆಲವು ದಿನ ಕಳೆದು, ರಾತ್ರಿ ಪಾಳಿಯ ಕಾಫಿಯ ಜೊತೆಗೆ. ಎಂ.ಬಿ.ಬಿ.ಎಸ್. ಸೇರಿದ ವರ್ಷ ಹೆಬ್ಬಾಳದಲ್ಲಿ ಸೀಟು ಸಿಕ್ಕ ಗೆಳೆಯನನ್ನು "ಏನಪ್ಪಾ ದನದ ಡಾಕ್ಟರೇ" ಎಂದು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಕರೆದದ್ದು ನೆನಪಾಯಿತು. ಅವನು ನಕ್ಕಿದ್ದ. ಕೊಟ್ಟಿಗೆಯಲ್ಲಿ ಎರಡು ರಾತ್ರಿ ಕುಳಿತವರ ಹೆಸರೂ ನಮಗೆ ನೆನಪಿರಲಿಲ್ಲ.

ನಂಟು ಬದಲಾದ ಬಗೆ

ಈಗ ಆ ಊರಿಗೆ ಹೋದರೆ ಕೊಟ್ಟಿಗೆಯ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿದೆ. ಹಾಲಿನ ಸಹಕಾರ ಸಂಘಗಳು ಎಷ್ಟೋ ಹೆಣ್ಣುಮಕ್ಕಳ ಕೈಗೆ ವಾರ ವಾರ ಹಣ ತಂದಿವೆ. ಅದು ಸಣ್ಣ ಸಾಧನೆಯಲ್ಲ. ಆದರೆ ಮಿಶ್ರತಳಿಯ ಹಸುವಿಗೆ ಹುಟ್ಟಿದ ಗಂಡುಕರು ಯಾರಿಗೂ ಬೇಡವಾಗಿದೆ. ರಾಮನಿಗೆ ಹೆಸರಿತ್ತು, ಈಗಿನ ಹಸುವಿಗೆ ಕಿವಿಯಲ್ಲಿ ನಂಬರು. ಹಿಂದೆ ಎಲ್ಲ ಚೆನ್ನಾಗಿತ್ತು ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಹೆಸರಿಟ್ಟ ಎತ್ತಿಗೂ ಬಾರುಕೋಲಿನ ಏಟು ಬೀಳುತ್ತಿತ್ತು. ಲಸಿಕೆಯಿಲ್ಲದೆ ನೂರಾರು ಸಾಯುತ್ತಿದ್ದವು.

ಮನುಷ್ಯ ಪ್ರಾಣಿಗಳ ನಡುವಿನ ಗೋಡೆ ನಾವು ತಿಳಿದಷ್ಟು ದಪ್ಪವಿಲ್ಲ ಎಂಬುದನ್ನು ವೈದ್ಯರಾಗಿ ಹೇಳಲೇಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗಲೇ ಜನರಿಗೂ ಜ್ವರ ಬಂತು. ಅದೇ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆ. ಕಾಡಂಚಿನಲ್ಲಿ ಮೇಯುವ ದನಗಳ ರಕ್ತ ಕುಡಿದು ಉಣ್ಣೆಗಳು ಹೆಚ್ಚಿದವು. ದೊಡ್ಡರೋಗಕ್ಕೂ ನಮಗೂ ಇನ್ನೂ ಹತ್ತಿರದ ನಂಟಿದೆ: ನಮ್ಮ ಮಕ್ಕಳಿಗೆ ಬರುವ ದಡಾರದ ವೈರಸ್ ಅದರ ದಾಯಾದಿ. ಬರ್ಲಿನ್ನಿನಲ್ಲಿ 1912ರಲ್ಲಿ ದಡಾರದಿಂದ ತೀರಿಕೊಂಡ ಒಂದು ಮಗುವಿನ ಶ್ವಾಸಕೋಶವನ್ನು ಜೋಪಾನವಾಗಿ ಇಟ್ಟಿದ್ದರು. ಅದರಿಂದ ವೈರಸ್ಸಿನ ವಂಶಾವಳಿಯನ್ನು ಓದಿದ ವಿಜ್ಞಾನಿಗಳು, ಎರಡೂ ಕವಲೊಡೆದದ್ದು ಕ್ರಿಸ್ತಪೂರ್ವ ಆರನೆಯ ಶತಮಾನದಷ್ಟು ಹಿಂದೆಯೇ ಇರಬಹುದೆಂದು 2020ರಲ್ಲಿ ಪ್ರಕಟಿಸಿದರು. ದನದ ರೋಗ ಅಳಿದಿದೆ. ಲಸಿಕೆಯಿದ್ದೂ ಮಕ್ಕಳ ರೋಗ ಅಳಿದಿಲ್ಲ. ಮಾತಾಡುವ ರೋಗಿಗಳ ವೈದ್ಯರಾದ ನಾವು ಇದನ್ನು ಸ್ವಲ್ಪ ಯೋಚಿಸಬೇಕು.

ಇಲ್ಲಿ ಅಮೆರಿಕಾದಲ್ಲಿ ಪಶುವೈದ್ಯ ಎಂದರೆ ನಮ್ಮ ಮಕ್ಕಳಿಗೆ ನಾಯಿ ಬೆಕ್ಕುಗಳ ಡಾಕ್ಟರು. ಕಾರು ಬಂದು ಕುದುರೆ ಹೋದ ಮೇಲೆ ಈ ವೃತ್ತಿ ಹೊಲಕ್ಕೆ, ಅಲ್ಲಿಂದ ಮನೆಯೊಳಗಿನ ಸೋಫಾಕ್ಕೆ ಬಂದಿದೆ. ನಮ್ಮ ಮನೆಯಲ್ಲೂ 'ಬೆಲ್ಲ' ಎಂಬ ನಾಯಿಯಿತ್ತು. ಹೋದ ವರ್ಷ ಅದಕ್ಕೆ ಕ್ಯಾನ್ಸರ್ ಆದಾಗ ಆಸ್ಪತ್ರೆಯವರು ಖರ್ಚಿನ ಅಂದಾಜುಪಟ್ಟಿ ಕೈಗಿತ್ತರು. ಊರಿನಲ್ಲಿ ಅಷ್ಟು ಹಣಕ್ಕೆ ಒಳ್ಳೆಯ ಜೋಡಿ ಎತ್ತು ಬರುತ್ತದೆ ಎಂಬ ಲೆಕ್ಕ ಮನಸ್ಸಿಗೆ ಬಂದುಹೋದದ್ದು ಸುಳ್ಳಲ್ಲ. ಕೊನೆಗೆ ಉಳಿಸಲಾಗಲಿಲ್ಲ. ಆ ಪಶುವೈದ್ಯೆ ನೆಲದ ಮೇಲೆ ಕುಳಿತು, ಬೆಲ್ಲನ ತಲೆಯನ್ನು ನಮ್ಮ ಮಗಳ ತೊಡೆಯ ಮೇಲಿಟ್ಟು, ಏನು ಮಾಡುತ್ತಿದ್ದೇನೆಂದು ಮೆಲ್ಲಗೆ ಹೇಳುತ್ತಾ ಅದನ್ನು ಬೀಳ್ಕೊಟ್ಟಳು. ಕೊಟ್ಟಿಗೆಯ ಲಾಟೀನು ನಮಗೆ ಕಣ್ಣಿಗೆ ಕಟ್ಟಿತು.

ಆಮೇಲೆ ಒಂದು ದಿನ ಮಗಳು ತಾನು ಪಶುವೈದ್ಯ ಕಾಲೇಜಿಗೇ ಸೇರಬೇಕೆಂದಿದ್ದೇನೆ ಎಂದಳು. "ಅದೇಕೆ, ನಿಜವಾದ ಡಾಕ್ಟರಾಗಬಾರದೇ?" ಎಂಬ ಮಾತು ನಮ್ಮ ನಾಲಿಗೆಯ ತುದಿಗೆ ಬಂತು, ತಡೆದುಕೊಂಡೆವು. ಬದಲಿಗೆ ರಾಮನ ಕಥೆ ಹೇಳಿದೆವು, ತೋಪಿನ ಸಂಗತಿಯನ್ನೂ ಬಿಡದೆ. ನಮ್ಮ ಮನೆಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಆ ಡಾಕ್ಟರ್ ಹೆಸರೇನು?" ಗೊತ್ತಿಲ್ಲ ಎನ್ನಬೇಕಾಯಿತು.

ಈ ಸಲ ರಜೆಗೆ ಊರಿಗೆ ಹೋದಾಗ ವಿಚಾರಿಸಿ ಬರಬೇಕೆಂದಿದ್ದೇವೆ. ಅಂದು ಮೇಷ್ಟ್ರು ಕೊಟ್ಟ ಆಶೀರ್ವಾದ ಮಗಳಿಗಾದರೂ ಫಲಿಸಿದರೆ ನಮಗೆ ಸಂತೋಷವೇ. ನಮ್ಮ ಕೂಟದ ಎಲ್ಲ ಕುಟುಂಬಗಳಿಗೂ, ಮನೆಯ ಮೂಕ ಸದಸ್ಯರಿಗೂ ವಾರ್ಷಿಕೋತ್ಸವದ ಶುಭಾಶಯಗಳು.